ಬಿದ್ದದ್ದು ಕಂಡೆ, ಕಾರಣ ಕಾಣಲಿಲ್ಲ

ನಿವೃತ್ತಿಯಾಗಿ ಬಸ್ರೂರಿನ ಮನೆಯಲ್ಲಿ ಕುಳಿತ ಮೇಲೆ, ನರ್ಸಿಂಗ್ ಸೇರಲು ಹೊರಟ ಹುಡುಗಿಯರು ನನ್ನನ್ನು ಕಾಣಲು ಬರುತ್ತಾರೆ. ಜೊತೆಗೆ ಅಮ್ಮನೋ ಅತ್ತೆಯೋ ಇರುತ್ತಾರೆ. ಹಾಸ್ಟೆಲ್ಲು, ಊಟ, ಬಸ್ಸಿನ ಸಮಯ ಎಲ್ಲ ಕೇಳಿ ಮುಗಿದು, ಚಹಾದ ಲೋಟ ಕೆಳಗಿಟ್ಟ ಮೇಲೆ ನಿಜವಾದ ಪ್ರಶ್ನೆ ಹೊರಗೆ ಬರುತ್ತದೆ. ರಕ್ತ ಕಂಡು ತಲೆ ತಿರುಗಿ ಬಿದ್ದರೆ ಏನು ಗತಿ?

ಆಗ ನಾನು ಅಕ್ಷತಾಳ ಕಥೆ ಹೇಳುತ್ತೇನೆ. ಹೇಳಿ ಹೇಳಿ ಪ್ರತಿ ಸಲ ಒಂದೊಂದು ಸಂಗತಿ ಬಿಟ್ಟುಹೋಗುತ್ತಿದೆ. ಆದ್ದರಿಂದ ಒಮ್ಮೆ ಸರಿಯಾಗಿ ಬರೆದಿಡುತ್ತೇನೆ.

ಅದಕ್ಕೂ ಮೊದಲು ನಮ್ಮ ಕೆಲಸದ ಒಂದು ನಿಯಮ ಗೊತ್ತಿರಬೇಕು. ರೋಗಿ ಮಂಚದಿಂದ ಬಿದ್ದದ್ದನ್ನು ನೀವು ಕಣ್ಣಾರೆ ಕಂಡಿದ್ದರೆ ಮಾತ್ರ ದಾಖಲೆಯಲ್ಲಿ "ಬಿದ್ದರು" ಎಂದು ಬರೆಯಬಹುದು. ಕಾಣದಿದ್ದರೆ "ನೆಲದ ಮೇಲೆ ಇದ್ದದ್ದು ಕಂಡುಬಂತು" ಎಂದೇ ಬರೆಯಬೇಕು. ಇದನ್ನು ನಾನು ಕೆಲಸದ ಮೊದಲ ವರ್ಷ ಕಲಿತದ್ದು, ಕೆರಾಡಿಯಿಂದ ಬಂದಿದ್ದ ಒಬ್ಬ ಅಜ್ಜನಿಂದ. ಬೆಳಿಗ್ಗೆ ಆರಕ್ಕೆ ಹೋದಾಗ ಅವರು ಮಂಚದ ಪಕ್ಕದಲ್ಲಿ ನೆಲದ ಮೇಲಿದ್ದರು. ನಾನು "ಮಂಚದಿಂದ ಬಿದ್ದರು" ಎಂದು ಬರೆದೆ. ವೈದ್ಯರು ಓಡಿ ಬಂದರು, ಸೊಂಟದ ಎಕ್ಸ್‌ರೇ ಆಯಿತು, ಮನೆಯವರಿಗೆ ಹೇಳಿಕಳಿಸಿ ಅವರು ಅಳುತ್ತಾ ಬಂದದ್ದೂ ಆಯಿತು. ಕೊನೆಗೆ ಯಾರೋ ಅಜ್ಜನನ್ನೇ ಕೇಳಿದರು. "ಬಿದ್ದದ್ದ್ ಯಾರ್? ಆ ಮಂಚ ನಂಗೆ ಒಗ್ಗುದಿಲ್ಲ. ಇಳ್ದ್ ಕೆಳ್ಗ್ ಮನಿಕಂಡದ್ದ್" ಎಂದರು ಅಜ್ಜ.

ಅಂದು ವಾರ್ಡಿನ ಹಿರಿಯ ಸಿಸ್ಟರ್ ನನಗೆ ಹೇಳಿದ್ದು ಇಷ್ಟೇ: ಕಣ್ಣಿಗೆ ಕಂಡದ್ದನ್ನು ಪುಸ್ತಕದಲ್ಲಿ ಬರೆ, ತಲೆಗೆ ಹೊಳೆದದ್ದನ್ನು ಮನೆಗೆ ತೆಗೆದುಕೊಂಡು ಹೋಗು. ಗಾಜಿನ ಸಿರಿಂಜು ಕುದಿಸುವ ಕಾಲ ಹೋಯಿತು, ಕಂಪ್ಯೂಟರಿನಲ್ಲಿ ವರದಿ ಬರೆಯುವ ಕಾಲ ಬಂತು. ಈ ಮಾತನ್ನು ಮಾತ್ರ ನಾನು ಬಿಡಲಿಲ್ಲ. ಕುಂದಾಪುರದ ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡಲು ತೊಡಗಿದ ಮೇಲೆ ಪ್ರತಿ ಬ್ಯಾಚಿಗೂ ಮೊದಲ ತಿಂಗಳೇ ಇದನ್ನು ಕಲಿಸಿದೆ. ಕೊನೆಗೆ ಈ ನಿಯಮ ಮುರಿದವಳೂ ನಾನೇ.

ಅಕ್ಷತಾ ಬೀಜಾಡಿಯವಳು. ತಾಯಿ ಗುಲಾಬಿ ಕೋಟೇಶ್ವರದಲ್ಲಿ ಮೀನು ಮಾರುತ್ತಾರೆ. ಮೊದಲ ವರ್ಷದ ಮೂರನೇ ತಿಂಗಳು ಆರು ವಿದ್ಯಾರ್ಥಿನಿಯರನ್ನು ಕರೆದುಕೊಂಡು ಡ್ರೆಸಿಂಗ್ ರೂಮಿಗೆ ಹೋಗಿದ್ದೆ. ಮೀನಿನ ಮುಳ್ಳು ಚುಚ್ಚಿ ಅಂಗೈ ಕೀವುಗಟ್ಟಿದ್ದ ಒಬ್ಬರು ಮಲಗಿದ್ದರು. ಸರ್ಜನ್ ಫೋನಿನಲ್ಲಿದ್ದರು. ಇಪ್ಪತ್ತು ನಿಮಿಷ ಎಲ್ಲರೂ ಕೈ ಹಿಂದೆ ಕಟ್ಟಿ ನಿಂತೆವು. ಸರ್ಜನ್ ಬಂದರು, ಬ್ಲೇಡ್ ಹಿಡಿದು ಕೊಯ್ದರು. ಅಕ್ಷತಾ ಹಗ್ಗದಿಂದ ಜಾರಿದ ಸೀರೆಯ ಹಾಗೆ, ಯಾವ ಸದ್ದೂ ಇಲ್ಲದೆ ನೆಲಕ್ಕೆ ಇಳಿದಳು. ಮಲಗಿದ್ದ ರೋಗಿಯೇ ಎದ್ದು ಕುಳಿತು, ಒಳ್ಳೆಯ ಕೈಯಲ್ಲಿ ಟ್ರೇ ಹಿಡಿದುಕೊಂಡು ಅದು ಅವಳ ಮೇಲೆ ಬೀಳದಂತೆ ನೋಡಿಕೊಂಡರು.

ಎಚ್ಚರಾದ ಕೂಡಲೇ ಅವಳು ಹೇಳಿದ್ದು: "ಮೇಡಂ, ನಾನ್ ರಕ್ತ ಕಾಣ್ಲೇ ಇಲ್ಲ. ನನ್ನೆದ್ರಿಗೆ ಪ್ರಮೀಳ ನಿಂತಿತ್ತ್."

ಪ್ರಮೀಳ ಎಂದರೆ ಅವರ ತರಗತಿಯಲ್ಲೇ ಎತ್ತರದ ಹುಡುಗಿ. ಅವಳ ಬೆನ್ನಿನ ಹಿಂದೆ ನಿಂತರೆ ಕಿಟಕಿಯೂ ಕಾಣದು. ನಾಚಿಕೆಯಿಂದ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡು, ಸಮಾಧಾನ ಮಾಡಿ ಕಳಿಸಿ, ಅವಳ ಫೈಲಿನಲ್ಲಿ ಬರೆದೆ: "ಗಾಯ ಕೊಯ್ಯುವಾಗ ರಕ್ತ ಕಂಡು ಮೂರ್ಛೆ ಹೋದಳು." ಕೆಳಗೆ ಸಹಿ, ಸಮಯ.

ಮದ್ದನ್ನೂ ನಾನೇ ಕಂಡುಹಿಡಿದೆ. ಇನ್ನು ಮುಂದೆ ರಕ್ತದಿಂದ ದೂರ, ಬಾಗಿಲ ಬಳಿಯ ಗೋಡೆಯ ಪಕ್ಕ ಅಲುಗಾಡದೆ ನಿಲ್ಲಬೇಕು. ಅಷ್ಟು ವರ್ಷದ ಅನುಭವದಲ್ಲಿ ನಾನು ಕೊಟ್ಟ ಅತಿ ಕೆಟ್ಟ ಸಲಹೆ ಇದು. ಆ ಗೋಡೆಯ ಪಕ್ಕದಲ್ಲಿ ಅವಳು ಮೂರು ವಾರದಲ್ಲಿ ನಾಲ್ಕು ಸಲ ಬಿದ್ದಳು.

ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಾಗ ವಿದ್ಯಾರ್ಥಿನಿಯರು ಸಾಲಾಗಿ ನಿಲ್ಲಬೇಕು. ಒರಗಬಾರದು, ಕಾಲು ಬದಲಿಸಬಾರದು, ಕೂರುವ ಮಾತಂತೂ ಇಲ್ಲ. ಪ್ರತಿ ಮಂಚದ ಹತ್ತಿರ ಹತ್ತು ನಿಮಿಷ. ಮೂರನೇ ಮಂಚದ ಹೊತ್ತಿಗೆ ಅಕ್ಷತಾಳ ಮುಖ ಸುಣ್ಣದ ಹಾಗೆ ಆಗುತ್ತಿತ್ತು. ಇದನ್ನು ಮೊದಲು ಗುರುತಿಸಿದ್ದು ನಾನಲ್ಲ, ಡಾಕ್ಟರೂ ಅಲ್ಲ. ಸೊಂಟ ಮುರಿದು ಮಲಗಿದ್ದ ಚಿಕ್ಕಮ್ಮ ಶೆಡ್ತಿ ಎಂಬ ಅಜ್ಜಿ. ಮಲಗಿದಲ್ಲಿಂದಲೇ ಅವರು ಕಾವಲು ಶುರು ಮಾಡಿದರು. "ಹ್ವಾಯ್, ಹೆಣ್ಣಿನ್ ಮೋರೆ ಬೆಳ್ಚಿತ್, ಹಿಡ್ಕಣಿ" ಎಂದು ಅವರು ಕರೆದರೆ ಡಾಕ್ಟರು ಕೂಡ ಸ್ಟೆತಸ್ಕೋಪ್ ಬಿಟ್ಟು ಕೈ ಚಾಚುತ್ತಿದ್ದರು.

ಒಂದು ದಿನ ಅವಳು ವರಾಂಡದಲ್ಲಿದ್ದ ಖಾಲಿ ಸ್ಟ್ರೆಚರಿನ ಮೇಲೆಯೇ ಬಿದ್ದಳು. ಚಳಿಯಾದೀತೆಂದು ಗೆಳತಿಯೊಬ್ಬಳು ಕುತ್ತಿಗೆಯವರೆಗೆ ಹೊದಿಕೆ ಹೊದೆಸಿ ನನ್ನನ್ನು ಕರೆಯಲು ಓಡಿಬಂದಳು. ಅಷ್ಟರಲ್ಲಿ ಅಟೆಂಡರ್ ರಾಜೀವ ಬಂದು, ತನ್ನ ರೋಗಿ ತಯಾರಾಗಿದ್ದಾರೆಂದು ತಿಳಿದು ಸ್ಟ್ರೆಚರ್ ತಳ್ಳಿಕೊಂಡು ಎಕ್ಸ್‌ರೇಗೆ ಹೋಗಿಬಿಟ್ಟ. ಯಾವ ಕಾಲು ಎಂದು ಅಲ್ಲಿಯವರು ಕೇಳುವಾಗ ಅಕ್ಷತಾಳಿಗೆ ಎಚ್ಚರವಾಯಿತು. ಎರಡೂ ಸರಿ ಇವೆ ಎಂದು ಹೇಳಿ ಇಳಿದು ನಡೆದುಕೊಂಡು ಬಂದಳು. ನಾವು ಇತ್ತ ಅವಳನ್ನು ಹುಡುಕಿ ಬಾತ್‌ರೂಮಿನ ಬಾಗಿಲು ಬಡಿಯುತ್ತಿದ್ದೆವು.

ತರಗತಿಯವರು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ್ದರು. ಹೆಸರು "ಹವಾಮಾನ". ಬೆಳಿಗ್ಗೆ ಏಳಕ್ಕೆ ಪ್ರಮೀಳ ಅದರಲ್ಲಿ ಬರೆಯುತ್ತಿದ್ದಳು: ಇಂದು ಅಕ್ಷತಾ ತಿಂಡಿ ತಿಂದಿಲ್ಲ, ಸರ್ಜರಿ ವಾರ್ಡಿನ ಬಾಗಿಲ ಬಳಿ ಬೀಳುವ ಸಂಭವ. ಅದನ್ನು ಕಂಡು ಬೈಯಲು ಹೋಗಿ, ಮುಖ ತಿರುಗಿಸಿ ನಕ್ಕು, ಆಮೇಲೆ ಬೈದೆ.

ಪ್ರಾಂಶುಪಾಲರಿಗೆ ನಗು ಬರಲಿಲ್ಲ. ವರ್ಷದ ಕೊನೆಯಲ್ಲಿ ಪ್ರತಿಯೊಬ್ಬರ ಫೈಲು ಸಮಿತಿಯ ಮುಂದೆ ಹೋಗುತ್ತದೆ. ಆರೋಗ್ಯದ ಕಾರಣಕ್ಕೆ ಕೆಲಸಕ್ಕೆ ಆಗದು ಎಂದು ಸಮಿತಿ ಹೇಳಿದರೆ ಓದು ಅಲ್ಲಿಗೆ ನಿಂತ ಹಾಗೆ. ಸಮಿತಿಯಲ್ಲಿ ಮೂವರು. ಪ್ರಾಂಶುಪಾಲರು, ನಾನು, ಮತ್ತು ಮುಂಬೈಯಲ್ಲಿ ಹೋಟೆಲು ನಡೆಸಿ ಬ್ರಹ್ಮಾವರಕ್ಕೆ ಮರಳಿದ್ದ ಶಾಲೆಯ ಅಧ್ಯಕ್ಷರು. ಅಧ್ಯಕ್ಷರು ಫೈಲು ನೋಡಿ ಆಗಲೇ ಹೇಳಿದ್ದರು: ನೀರು ಕಂಡರೆ ಹೆದರುವವನನ್ನು ದೋಣಿಗೆ ಹತ್ತಿಸುತ್ತಾರೆಯೇ?

ವಿಷಯ ತಿಳಿದ ದಿನ ಅಕ್ಷತಾ ನನ್ನ ಕೋಣೆಗೆ ಬಂದಳು. ಅಳಲಿಲ್ಲ. "ಮೇಡಂ, ಬೀಳುದ್ ನಂಗ್ ಬೇಜಾರಿಲ್ಲ. ಏಳ್ಸಿದ್ ಮೇಲೆ ಮನಿಗ್ ಹೋಗ್ ಅಂಬ್ರಲ್ಲ, ಅದ್ ಬೇಜಾರ್" ಎಂದಳು.

ತಾಯಿಯನ್ನು ಕರೆಸಿದೆವು. ಗುಲಾಬಿ ಮೀನಿನ ಬುಟ್ಟಿಯನ್ನು ಗೇಟಿನ ವಾಚ್‌ಮನ್ ಹತ್ತಿರ ಇಟ್ಟು, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಬಂದರು. ಮಗಳಿಗೆ ರಕ್ತದ ಹೆದರಿಕೆ ಇದೆ, ಬೇರೆ ಓದಿಗೆ ಸೇರಿಸುವುದು ಒಳ್ಳೆಯದೇನೋ ಎಂದು ನಾನು ಮೆತ್ತಗೆ ಹೇಳಿದೆ. ಅವರು ಕುರ್ಚಿಯ ತುದಿಗೆ ಸರಿದರು.

"ನೆತ್ರಿಗೆ ಹೆದ್ರುದಾ ಮೇಡಮ್ಮ? ಏಳ್ನೇ ಕ್ಲಾಸಿಂದ ನನ್ ಹತ್ರ ಕೂಕಂಡ್ ಅಂಜಲ್ ಮೀನ್ ಕೊಯ್ದದ್ ಹೆಣ್ಣ್ ಅದ್. ಶಾಲಿಯಂಗೆ ಪ್ರಾರ್ಥನೆಗ್ ನಿಂತ್ರೆ ಬೀಳ್ತಿತ್ತ್. ಮದ್ವಿ ಮನೆಯಂಗೆ ಊಟದ್ ಸಾಲಂಗೆ ನಿಂತ್ ಬಿದ್ದಿತ್. ಮೀನ್ ಮಾರ್ಕೆಟಂಗೆ ಒಂದ್ ದಿನ ಬೀಳ್ಲಿಲ್ಲ."

ಇಷ್ಟು ಹೇಳಿ, ಮೀನಿನ ಮೇಲಿನ ಐಸು ಕರಗುತ್ತದೆ ಎಂದು ಎದ್ದು ಹೋದರು.

ನಾನು ಮೇಜಿನ ಡ್ರಾಯರಿನಿಂದ ನನ್ನ ಸಣ್ಣ ಪುಸ್ತಕ ತೆಗೆದೆ. ಮೊದಲ ಸಲದ ನಂತರ ಅವಳು ಬಿದ್ದದ್ದನ್ನೆಲ್ಲ ಅದರಲ್ಲಿ ಬರೆದಿದ್ದೆ. ಸಮಯ, ಜಾಗ, ಏನು ಮಾಡುತ್ತಿದ್ದಳು, ಏನು ತಿಂದಿದ್ದಳು, ಎಷ್ಟು ಹೊತ್ತಿಗೆ ಎಚ್ಚರವಾಯಿತು. ಒಟ್ಟು ಹನ್ನೊಂದು. ಅವುಗಳಲ್ಲಿ ರಕ್ತ ಇದ್ದ ಜಾಗ ಎರಡು. "ಏನು ಮಾಡುತ್ತಿದ್ದಳು" ಎಂಬಲ್ಲಿ ಹನ್ನೊಂದು ಸಲವೂ ನನ್ನ ಕೈಬರಹದಲ್ಲೇ ಒಂದೇ ಮಾತು ಇತ್ತು. ನಿಂತಿದ್ದಳು. ನಿಂತಿದ್ದಳು. ನಿಂತಿದ್ದಳು. ರೋಗಿಯನ್ನು ಎತ್ತುವಾಗ, ಓಡಾಡುವಾಗ, ಕುಳಿತು ಹೊಲಿಗೆ ಬಿಚ್ಚುವಾಗ ಒಂದು ಸಲವೂ ಬಿದ್ದಿರಲಿಲ್ಲ. ನಾನೇ ಬರೆದದ್ದನ್ನು ನಾನು ಒಮ್ಮೆಯೂ ಓದಿರಲಿಲ್ಲ.

ಆಸ್ಪತ್ರೆಯ ಫಿಸಿಷಿಯನ್ ಬಳಿಗೆ ಅವಳನ್ನು ಕರೆದುಕೊಂಡು ಹೋದೆ. ಅವರು ಮೊದಲು ಹೃದಯದ ಪರೀಕ್ಷೆ ಮಾಡಿಸಿದರು, ಅದು ಸರಿಯಿತ್ತು. ಆಮೇಲೆ ಮಲಗಿಸಿ ರಕ್ತದೊತ್ತಡ ನೋಡಿದರು, ಎಬ್ಬಿಸಿ ಗೋಡೆಯ ಪಕ್ಕ ನಿಲ್ಲಿಸಿ ನಿಮಿಷಕ್ಕೊಮ್ಮೆ ನೋಡುತ್ತಾ ಹೋದರು. ಐದನೇ ನಿಮಿಷದವರೆಗೆ ಅಕ್ಷತಾ ನಮಗೆ ಬೀಜಾಡಿಯ ಸುದ್ದಿ ಹೇಳುತ್ತಿದ್ದಳು. ಏಳಕ್ಕೆ ಆಕಳಿಸಿದಳು. ಎಂಟಕ್ಕೆ, "ಡಾಕ್ಟ್ರೇ, ಈಗ ಬತ್ತ್" ಎಂದಳು. ಬಂತು. ಹಿಡಿದು ಮಲಗಿಸಿದೆವು.

ಡಾಕ್ಟರು ಹೇಳಿದ್ದನ್ನು ಸರಳವಾಗಿ ಹೇಳುತ್ತೇನೆ. ಅಲುಗಾಡದೆ ನಿಂತರೆ ಎಲ್ಲರ ರಕ್ತವೂ ಕಾಲಿಗೆ ಇಳಿಯುತ್ತದೆ. ಅದನ್ನು ಮೇಲೆ ತಳ್ಳುವ ಕೆಲಸದಲ್ಲಿ ಈ ಹುಡುಗಿಯ ದೇಹ ಸ್ವಲ್ಪ ಸೋಮಾರಿ. ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಎದುರಿಗೆ ಕಂಡ ರಕ್ತಕ್ಕೂ ಇದಕ್ಕೂ ಸಂಬಂಧವಿಲ್ಲ. ನೀರು ಹೆಚ್ಚು ಕುಡಿಯಬೇಕು, ಇವಳ ಮಟ್ಟಿಗೆ ಉಪ್ಪು ಸ್ವಲ್ಪ ಹೆಚ್ಚು ಬೇಕು, ನಿಂತಲ್ಲೇ ಕಾಲಿನ ಮೀನಖಂಡ ಬಿಗಿಯಬೇಕು, ಹಿಮ್ಮಡಿ ಎತ್ತಿ ಇಳಿಸಬೇಕು, ಬರುವ ಸೂಚನೆ ಸಿಕ್ಕ ಕೂಡಲೇ ಕೂರಬೇಕು. ಇಷ್ಟೇ ಚಿಕಿತ್ಸೆ. ಇಷ್ಟು ದಿನ ಇವಳನ್ನು ಅಲುಗಾಡದೆ ನಿಲ್ಲು ಎಂದವರು ಯಾರು ಎಂದು ಅವರು ಕೇಳಿದರು. ನಾನು ಕೈ ಎತ್ತಿದೆ.

ಮರುದಿನದಿಂದ ಹಾಸ್ಟೆಲಿನಲ್ಲಿ ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ, ಒಂದು ಚೊಂಬು ಉಪ್ಪು ಹಾಕಿದ ಮಜ್ಜಿಗೆ. ಅಕ್ಷತಾ ಒಬ್ಬಳೇ ಹಿಮ್ಮಡಿ ಎತ್ತಿದರೆ ನಾಚಿಕೆ ಎಂದು ಇಡೀ ತರಗತಿಯೇ ಅಭ್ಯಾಸ ಶುರು ಮಾಡಿತು. ಒಂದು ಸೋಮವಾರ ರೌಂಡ್ಸಿನಲ್ಲಿ ಸರ್ಜನ್ ತಲೆ ಎತ್ತಿ ನೋಡುವಾಗ ಹನ್ನೆರಡು ಹುಡುಗಿಯರು ಅಲೆಯ ಮೇಲಿನ ದೋಣಿಗಳ ಹಾಗೆ ಮೇಲೆ ಕೆಳಗೆ ಆಗುತ್ತಿದ್ದರು. ತಮಗೇ ತಲೆ ತಿರುಗುತ್ತಿದೆಯೋ ಎಂದುಕೊಂಡು ಅವರು ಮಂಚದ ಸರಳು ಹಿಡಿದರು. ಚಿಕ್ಕಮ್ಮ ಶೆಡ್ತಿಯವರು ಅಷ್ಟರಲ್ಲಿ ವಾಕರ್ ಹಿಡಿದು ನಡೆಯುತ್ತಿದ್ದರು. "ಡಾಕ್ಟ್ರೇ, ನೀವೂ ಎತ್ತಿ ಇಳ್ಸಿ, ಒಳ್ಳೆದಾತ್" ಎಂದರು.

ಆಮೇಲಿನ ಒಂದು ತಿಂಗಳಲ್ಲಿ ಅಕ್ಷತಾ ಒಂದು ಸಲವೂ ಬೀಳಲಿಲ್ಲ. ಮೂರು ಸಲ ತಾನಾಗಿ ನೆಲದ ಮೇಲೆ ಕುಳಿತಳು. ಅದನ್ನೂ ಬರೆದಿಟ್ಟೆ.

ಆದರೆ ಫೈಲಿನಲ್ಲಿ ನನ್ನ ಗೆರೆ ಹಾಗೆಯೇ ಇತ್ತು. ಡಾಕ್ಟರ ಪತ್ರ ಲಗತ್ತಿಸಿ ಅಧ್ಯಕ್ಷರಿಗೆ ತೋರಿಸಿದಾಗ, ಡಾಕ್ಟರು ಮರುಕಪಟ್ಟು ಕೊಟ್ಟಿರಬಹುದು, ಮೊದಲ ದಿನ ಕಣ್ಣಾರೆ ಕಂಡವರು ಬರೆದದ್ದು ರಕ್ತ ಕಂಡು ಎಂದಲ್ಲವೇ ಎಂದರು. ಆ ಕಂಡವಳು ನಾನೇ ಎಂದು ಹೇಳಲು ಬಾಯಿ ತೆರೆದೆ. ಅವರಿಗೆ ಫೋನ್ ಬಂತು, ಸಮಿತಿಯಲ್ಲಿ ಮಾತಾಡುವ ಎಂದು ಹೊರಟುಹೋದರು. ನಿಜ ಹೇಳಬೇಕೆಂದರೆ, ಫೋನ್ ಬಂದದ್ದಕ್ಕೆ ನನಗೆ ಸಮಾಧಾನವೇ ಆಯಿತು.

ಸಮಿತಿಗೆ ಎರಡು ದಿನ ಮೊದಲು ಬ್ರಹ್ಮಾವರದ ಒಂದು ಸಭಾಂಗಣದಲ್ಲಿ ರಕ್ತದಾನ ಶಿಬಿರ. ನಮ್ಮ ವಿದ್ಯಾರ್ಥಿನಿಯರಿಗೆ ಅಲ್ಲಿ ಡ್ಯೂಟಿ. ಪ್ರಾಂಶುಪಾಲರ ಆದೇಶದಂತೆ ಅಕ್ಷತಾಳಿಗೆ ರಕ್ತದಿಂದ ದೂರ, ಬಿಸ್ಕಿಟು ಮತ್ತು ಜ್ಯೂಸಿನ ಮೇಜು. ಅಧ್ಯಕ್ಷರೇ ಮುಖ್ಯ ಅತಿಥಿ. ಭಾಷಣ ಮಾಡಿ, ಬಿಳಿ ಅಂಗಿಯ ತೋಳು ಮಡಚಿ, ಮೊದಲಿಗರಾಗಿ ಮಲಗಿ ರಕ್ತ ಕೊಟ್ಟರು. ಕೊಟ್ಟ ಮೇಲೆ ಹತ್ತು ನಿಮಿಷವಾದರೂ ಮಲಗಿರಬೇಕು. ಆದರೆ ನಮ್ಮ ಕಡೆಯ ಶಿಬಿರಗಳಲ್ಲಿ ರಕ್ತಕ್ಕಿಂತ ಪ್ರಮಾಣಪತ್ರದ ಫೋಟೋಕ್ಕೆ ಅವಸರ ಹೆಚ್ಚು. ಫೋಟೋದವರು ಕರೆದರು, ಅಧ್ಯಕ್ಷರು ಎದ್ದು ವೇದಿಕೆಗೆ ಹೋಗಿ ಪ್ರಮಾಣಪತ್ರ ಹಿಡಿದು ನಿಂತರು. ಪಕ್ಕದಲ್ಲಿ ನಿಲ್ಲಬೇಕಾದವರು ಒಬ್ಬೊಬ್ಬರಾಗಿ ಬರತೊಡಗಿದರು.

ಅಧ್ಯಕ್ಷರು ಆಕಳಿಸಿದರು. ನಾನು ಅದನ್ನು ಕಂಡೆ, ಭಾಷಣದ ದಣಿವು ಎಂದುಕೊಂಡೆ. ಅಕ್ಷತಾ ಸಭಾಂಗಣದ ಆ ತುದಿಯಿಂದ ಕಂಡಳು, ಜ್ಯೂಸಿನ ಜಗ್ಗು ಕೆಳಗಿಟ್ಟಳು. ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ನೇರ ವೇದಿಕೆಗೆ ಬಂದು ಅವರ ಹಿಂದೆ ಇಟ್ಟಳು.

"ಸರ್, ಕೂಕಣಿ" ಎಂದಳು.

"ಒಂದ್ ಪಟ ಆಯ್ಲಿ ಮಗಾ."

"ಸರ್, ಈಗ ನಿಮ್ಗ್ ಬತ್ತ್. ನಂಗ್ ಗೊತ್ತಿತ್ತ್. ಕೂಕಣಿ."

ಸ್ವಲ್ಪ ನಗಿ ಸರ್ ಎಂದು ಫೋಟೋದವರು ಹೇಳಿದರು. ಅಧ್ಯಕ್ಷರು ನಕ್ಕರು. ನಗು ಮುಖದಲ್ಲಿ ಹಾಗೆಯೇ ಉಳಿಯಿತು, ಉಳಿದದ್ದೆಲ್ಲ ಕೆಳಗೆ ಹೋಯಿತು. ಅಕ್ಷತಾ ಕಂಕುಳಿಗೆ ಕೈ ಕೊಟ್ಟು ಹಿಡಿದು, ತಾನೂ ಮಂಡಿಯೂರಿ, ಅವರನ್ನು ನೆಲಕ್ಕೆ ಮಲಗಿಸಿದಳು. ಎರಡೂ ಕಾಲು ಎತ್ತಿ ಅದೇ ಕುರ್ಚಿಯ ಮೇಲಿಟ್ಟಳು. ಆ ಗಡಿಬಿಡಿಯಲ್ಲಿ ಅವರ ತೋಳಿನ ಪ್ಲಾಸ್ಟರ್ ಕಿತ್ತುಬಂದು, ರಕ್ತ ಅವಳ ಬಿಳಿ ಯೂನಿಫಾರ್ಮಿನ ಮೇಲೆ ಎದೆಯಿಂದ ಮಡಿಲಿನವರೆಗೆ ಹರಿಯಿತು. ವೇದಿಕೆಯ ಮೇಲಿದ್ದ ಇಬ್ಬರು ಗಣ್ಯರು ಅದನ್ನು ಕಂಡು ತಾವಾಗಿ ಕುಳಿತರು. ಅಕ್ಷತಾ ಹೆಬ್ಬೆರಳಿನಿಂದ ಗಾಯ ಒತ್ತಿ, ತೋಳು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನಾಡಿ ನೋಡುತ್ತಾ, ಹತ್ತಿ ತರಲು ಪ್ರಮೀಳಳಿಗೆ ಹೇಳಿದಳು. ಸ್ವರ ಏರಲಿಲ್ಲ. ಅಂಜಲ್ ಕೊಯ್ಯುವಾಗಲೂ ಹೀಗೆಯೇ ಇರುತ್ತಿದ್ದಳೇನೋ.

ಅಧ್ಯಕ್ಷರು ಒಂದೂವರೆ ನಿಮಿಷಕ್ಕೆ ಕಣ್ಣು ತೆರೆದರು. ಮೊದಲು ಕಂಡದ್ದು ಕುರ್ಚಿಯ ಮೇಲಿನ ತಮ್ಮದೇ ಪಾದಗಳನ್ನು. ಎರಡನೆಯದು, ಆ ಹೊತ್ತಿನಲ್ಲೂ ಫೋಟೋ ತೆಗೆಯುತ್ತಿದ್ದವರನ್ನು. ಅದನ್ನು ಅಳಿಸಿ ಎಂದು ಅವರು ಮಲಗಿದಲ್ಲಿಂದಲೇ ಕೇಳಿಕೊಂಡರು. ಅದಾಗಲೇ ಶಿಬಿರದ ಗುಂಪಿಗೆ ಹೋಗಿಯಾಗಿತ್ತು. ಸಂಜೆಯೊಳಗೆ "ಹವಾಮಾನ"ಕ್ಕೂ ಬಂತು.

ಸಮಿತಿಯ ದಿನ ಪ್ರಾಂಶುಪಾಲರು ಫೈಲು ತೆರೆದು ನನ್ನ ಗೆರೆಯನ್ನು ಗಟ್ಟಿಯಾಗಿ ಓದಿದರು: "ರಕ್ತ ಕಂಡು ಮೂರ್ಛೆ ಹೋದಳು." ಅಕ್ಷತಾ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ಅಧ್ಯಕ್ಷರು ಮೊಣಕೈಯ ಬ್ಯಾಂಡೇಜನ್ನು ಸವರಿಕೊಂಡರು.

"ಇದನ್ನ್ ಬರ್ದದ್ದ್ ಯಾರ್?" ಎಂದು ಕೇಳಿದರು.

"ನಾನು" ಎಂದೆ.

"ನೀವ್ ಕಂಡದ್ದಾ?"

ಆ ವರ್ಷ ನನ್ನ ಕೊನೆಯ ವರ್ಷ. ನಿವೃತ್ತಿಯ ಹೊಸ್ತಿಲಲ್ಲಿ, ಸುಳ್ಳು ವರದಿ ಬರೆದೆ ಎಂದು ನನ್ನ ಬಾಯಿಯಿಂದಲೇ ಹೇಳಬೇಕಿತ್ತು. "ಬಿದ್ದದ್ದು ಕಂಡೆ. ಕಾರಣ ಕಾಣಲಿಲ್ಲ. ಕಾಣದ್ದನ್ನು ಕಂಡ ಹಾಗೆ ಬರೆದೆ. ತಪ್ಪು ನನ್ನದು, ಹುಡುಗಿಯದ್ದಲ್ಲ" ಎಂದೆ.

ಅವಳು ಬಿದ್ದದ್ದನ್ನೆಲ್ಲ ಬರೆದಿಟ್ಟ ನನ್ನ ಸಣ್ಣ ಪುಸ್ತಕವನ್ನು ತೆರೆದು ಮೇಜಿನ ಮೇಲಿಟ್ಟೆ. ಫ್ಯಾನಿನ ಗಾಳಿಗೆ ಹಾಳೆ ಎದ್ದು ಎದ್ದು ಬೀಳುತ್ತಿತ್ತು. ಆಮೇಲೆ ಅಧ್ಯಕ್ಷರು ಮೊನ್ನೆಯದೂ ನಿಮ್ಮ ಪುಸ್ತಕದಲ್ಲಿ ಇದೆಯೇ, ಇದ್ದರೆ ಓದಿ ಎಂದರು. ಓದದೆ ದಾರಿ ಇರಲಿಲ್ಲ.

"ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಅಧ್ಯಕ್ಷರು. ರಕ್ತ ಕೊಟ್ಟು ನಾಲ್ಕು ನಿಮಿಷಕ್ಕೆ ಎದ್ದು ನಿಂತರು. ಕೂರಲು ಎರಡು ಸಲ ಹೇಳಲಾಯಿತು. ಕೂರಲಿಲ್ಲ. ಬಿದ್ದರು. ಕಂಡವರು: ಎಲ್ಲರೂ."

ಅಧ್ಯಕ್ಷರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಪ್ರಾಂಶುಪಾಲರೂ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೊರಗೆ ಬೆಂಚಿನ ಮೇಲಿದ್ದ ಹುಡುಗಿಗೆ ಈ ನಗು ಕೇಳಿ ಏನೆನಿಸಿತೋ ಎಂದು ಆಮೇಲೆ ಯೋಚಿಸಿದೆ. ಕೇಳಿದ್ದಕ್ಕೆ, ನನ್ನ ಓದು ಇಲ್ಲಿಗೆ ನಿಂತಿತು ಎಂದೇ ತಿಳಿದೆ ಎಂದಳು.

ಅಧ್ಯಕ್ಷರು ಕಣ್ಣು ಒರೆಸಿಕೊಂಡು, "ಆ ಗೆರೆ ತೆಗ್ದ್ ಹಾಕಿ" ಎಂದರು. ಪ್ರಾಂಶುಪಾಲರು ವೈಟ್ನರ್ ಹುಡುಕತೊಡಗಿದರು. ನಾನು ಬೇಡ ಎಂದೆ. ನಮ್ಮ ಕೆಲಸದಲ್ಲಿ ತಪ್ಪನ್ನು ಅಳಿಸುವುದಿಲ್ಲ. ಓದಲು ಬರುವ ಹಾಗೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕುತ್ತೇವೆ. ಹಾಗೆಯೇ ಮಾಡಿದೆ. "ಇಪ್ಪತ್ತು ನಿಮಿಷ ನಿಂತ ಮೇಲೆ ಬಿದ್ದಳು. ಕಾರಣ ಕಂಡಿಲ್ಲ." ಈಗಲೂ ಆ ಫೈಲು ತೆರೆದರೆ ಎರಡೂ ಕಾಣುತ್ತವೆ.

ಅಕ್ಷತಾ ಓದು ಮುಂದುವರಿಸಲಿ ಎಂದು ತೀರ್ಮಾನವಾಯಿತು. ಅದೇ ಹಾಳೆಯಲ್ಲಿ ಇನ್ನೊಂದು ತೀರ್ಮಾನವೂ ಇದೆ. ರೌಂಡ್ಸಿನ ಹೊತ್ತಿಗೆ ಪ್ರತಿ ವಾರ್ಡಿನಲ್ಲಿ ನಾಲ್ಕು ಸ್ಟೂಲು, ಬೇಕಾದವರು ಕೂರಬಹುದು. ಅದನ್ನು ಸೂಚಿಸಿದವರು ಅಧ್ಯಕ್ಷರು. ಮೊದಲ ಸೋಮವಾರ ಯಾರೂ ಕೂರಲಿಲ್ಲ. ಎರಡನೇ ಸೋಮವಾರ ಸರ್ಜನ್ ಕೂತರು.

ಅವಳು ಓದು ಮುಗಿಸಿ ಈಗ ಬೈಂದೂರಿನ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸ್. ಕಳೆದ ತಿಂಗಳು ಆ ಕಡೆ ಹೋದವಳು ಅವಳ ಕೌಂಟರಿನ ಮುಂದೆ ನಿಂತೆ. ತಲೆ ಎತ್ತಿ ನೋಡುವ ಮೊದಲೇ, ನಿಲ್ಲಬೇಡಿ, ಕೂತುಕೊಳ್ಳಿ ಎಂದು ಕೈ ತೋರಿಸಿದಳು. ಅಲ್ಲಿ ಯಾರೂ ಸಾಲಿನಲ್ಲಿ ನಿಂತಿರಲಿಲ್ಲ, ಎಲ್ಲರೂ ಕುರ್ಚಿಯಲ್ಲಿದ್ದರು. ಗುರುತು ಸಿಕ್ಕ ಮೇಲೆ ಓಡಿ ಬಂದಳು. ಈಚೆಗೆ ಬಿದ್ದದ್ದುಂಟೋ ಎಂದು ಕೇಳಿದೆ.

"ಒಂದೇ ಸಲ ಮೇಡಂ. ಹೊಸ ಕಟ್ಟಡದ್ ಉದ್ಘಾಟನೆ ದಿನ. ಮುಕ್ಕಾಲ್ ಗಂಟೆ ನಿಲ್ಸಿರ್."

ವರದಿ ಬರೆದವರು ಯಾರು ಎಂದೆ.

"ನಾನೇ. ನಿಂತದ್ದ್ ಬರ್ದೆ, ಬಿದ್ದದ್ದ್ ಬರ್ದೆ. ಕಾರಣದ್ ಜಾಗ ಖಾಲಿ ಬಿಟ್ಟಿದೆ." ಅತ್ತಿತ್ತ ನೋಡಿ, ದನಿ ತಗ್ಗಿಸಿದಳು. "ಭಾಷಣ ಅಂದೇಳಿ ಬರಿಯುಕೆ ಧೈರ್ಯ ಆಯ್ಲಿಲ್ಲ."